ಪೆಟ್ಟಿಗೆ ಕಟ್ಟಿದವರು ಯಾರು?

ಯಡಿಯೂರು ಕೆರೆಯ ಆಸುಪಾಸಿನ ನಮ್ಮ ಬೀದಿಯಲ್ಲಿ ಯಾರ ಮನೆಯವರು ಪರದೇಶಕ್ಕೆ ಹೊರಟಿದ್ದಾರೆಂಬುದನ್ನು ತಿಳಿಯಲು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಹೊರಡುವ ಹಿಂದಿನ ಸಂಜೆ ಆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ಸಾಲು ಬೆಳೆಯುತ್ತದೆ. ಒಬ್ಬರ ಕೈಯಲ್ಲಿ ಉಪ್ಪಿನಕಾಯಿಯ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಹಪ್ಪಳದ ಕಟ್ಟು, ಮತ್ತೊಬ್ಬರ ಕೈಯಲ್ಲಿ ಮಗಳಿಗೆ ಹೊಲಿಸಿದ ರವಿಕೆ. ಎಲ್ಲರ ಬಾಯಲ್ಲೂ ಒಂದೇ ಮಾತು: 'ಹಗುರವಾದದ್ದೇ, ಅರ್ಧ ಕಿಲೋ ಕೂಡ ಇಲ್ಲ.' ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುವ ಸೂಟ್‌ಕೇಸು ಇವೆಲ್ಲವನ್ನೂ ನುಂಗುತ್ತದೆ. ರಾತ್ರಿ ಹತ್ತರ ಹೊತ್ತಿಗೆ ಮನೆಯ ಯಜಮಾನ ಅದನ್ನು ತೂಗುಕೊಕ್ಕೆಗೆ ನೇತುಹಾಕಿ ಎರಡು ಕಿಲೋ ಹೆಚ್ಚಾಯಿತೆಂದು ಗೊಣಗುತ್ತಾನೆ. ಆಗ ಹೊರಬರುವುದು ಪ್ರಯಾಣಿಕನ ಸ್ವಂತ ಬಟ್ಟೆಯೇ ಹೊರತು ನೆರೆಯವರು ಕೊಟ್ಟ ಪೊಟ್ಟಣವಲ್ಲ.

ನಮ್ಮ ಮಗ ದುಬೈಗೆ ಹೊರಟಾಗಲೂ ಹೀಗೆಯೇ ನಡೆಯಿತು. ಅಂದು ಎಲ್ಲರಿಗಿಂತ ಕೊನೆಗೆ ಬಂದವರು ಬೀದಿಯ ಕೊನೆಯ ಮನೆಯ ಅಜ್ಜಿ. ನಮ್ಮ ಧರ್ಮಕೇಂದ್ರದಲ್ಲಿ ಬೆಳಗಿನ ಬಲಿಪೂಜೆಗೆ ಮೊದಲು ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರು. ಅವರ ಮೊಮ್ಮಗ ಶಾರ್ಜಾದಲ್ಲಿ ಕೆಲಸದಲ್ಲಿದ್ದಾನೆ. ಅಜ್ಜಿ ತಂದದ್ದು ಬಿಳಿಯ ಬಟ್ಟೆಯಲ್ಲಿ ನಾಲ್ಕೂ ಕಡೆ ಹೊಲಿದು, ಮೇಲೆ ನೀಲಿ ಶಾಯಿಯಲ್ಲಿ ಮೊಮ್ಮಗನ ಹೆಸರು ಬರೆದಿದ್ದ ಪೊಟ್ಟಣ. ಹಿಂದೆ ಅಂಚೆಯಲ್ಲಿ ಪಾರ್ಸೆಲ್ ಕಳುಹಿಸುವಾಗ ಹಾಗೆ ಹೊಲಿಯುತ್ತಿದ್ದರು. ಕಣ್ಣು ಮಂಜಾಗಿರುವ ಈ ವಯಸ್ಸಿನಲ್ಲಿ ಅಷ್ಟು ಒತ್ತಾದ ಹೊಲಿಗೆ ಹಾಕಲು ಎಷ್ಟು ಹೊತ್ತು ಹಿಡಿದಿರಬೇಕು! ಅದನ್ನು ಬಿಚ್ಚಿ ನೋಡಬೇಕೆಂದು ಬಾಯಿ ಬಿಟ್ಟು ಹೇಳುವುದು ಹೇಗೆ? ನಾವು ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆವು.

ನಾವು ಹಾಗೆ ಹಿಂಜರಿದು ನಿಂತದ್ದಕ್ಕೆ ಹಿಂದಿನ ವರ್ಷದ ಒಂದು ಅನುಭವ ಕಾರಣವಾಗಿತ್ತು. ಅದನ್ನು ಮೊದಲು ಹೇಳಬೇಕು.

ಆ ವರ್ಷ ಡಿಸೆಂಬರಿನಲ್ಲಿ ನಾವು ದಂಪತಿಗಳು ಮಗಳ ಮನೆಗೆಂದು ವಿದೇಶಕ್ಕೆ ಹೊರಟಿದ್ದೆವು. ನಮ್ಮ ದೊಡ್ಡ ಪೆಟ್ಟಿಗೆಯನ್ನು ಕೌಂಟರಿನಲ್ಲಿ ಒಪ್ಪಿಸಿ ಹಗುರಾಗಿ ಕುಳಿತಿದ್ದಾಗ ಧ್ವನಿವರ್ಧಕದಲ್ಲಿ ನಮ್ಮ ಹೆಸರು ಕೇಳಿಸಿತು. ಕೆಳಗಿನ ಒಂದು ಕೋಣೆಗೆ ಕರೆದೊಯ್ದರು. ಅಲ್ಲಿ ನಮ್ಮ ಪೆಟ್ಟಿಗೆ ಮೇಜಿನ ಮೇಲೆ ಒಂಟಿಯಾಗಿ ಕುಳಿತಿತ್ತು. ಪರದೆಯ ಮೇಲೆ ಅದರ ಒಳಗಿನ ಚಿತ್ರ ಕಾಣುತ್ತಿತ್ತು: ಕಿತ್ತಳೆ ಬಣ್ಣದ ದಪ್ಪನೆಯ ಗಟ್ಟಿ, ಅದರ ಸುತ್ತ ಸುರುಳಿ ಸುತ್ತಿದ ತಂತಿ, ತಂತಿಯ ತುದಿಗೆ ಒಂದು ಪುಟ್ಟ ಡಬ್ಬಿ. ನೋಡಿದ ನಮಗೇ ಎದೆ ಧಸಕ್ಕೆಂದಿತು. ಕಿತ್ತಳೆ ಗಟ್ಟಿಯೆಂದರೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕದ ಹಬ್ಬದಲ್ಲಿ ಕೊಂಡಿದ್ದ ಮೇಣದಬತ್ತಿಗಳ ಕಟ್ಟು. ತಂತಿಯೆಂದರೆ ಗೋದಲಿಗೆ ಹಾಕುವ ಮಿಣಿಮಿಣಿ ದೀಪದ ಸರ. ಡಬ್ಬಿಯೆಂದರೆ ಅದರ ಬ್ಯಾಟರಿ. ದೀಪದ ಗಾಜು ಒಡೆಯಬಾರದೆಂದು ಸರವನ್ನು ಮೇಣದಬತ್ತಿಗೆ ಸುತ್ತಿದ್ದು ಸೊಸೆಯ ಜಾಣತನ.

ಅಲ್ಲಿದ್ದ ಯುವಕ ಕೇಳಿದ ಮೊದಲ ಪ್ರಶ್ನೆ 'ಇದು ಏನು' ಎಂದಲ್ಲ. 'ಈ ಪೆಟ್ಟಿಗೆ ಕಟ್ಟಿದವರು ಯಾರು?' ನಾವು ಮಡದಿಯ ಮುಖ ನೋಡಿದೆವು, ಮಡದಿ ನಮ್ಮ ಮುಖ ನೋಡಿದಳು. ಅರ್ಧ ಸೊಸೆ ಕಟ್ಟಿದ್ದು, ಮೇಲಿನ ಪದರ ಮಡದಿ ಕಟ್ಟಿದ್ದು, ಸಂದುಗಳಲ್ಲಿ ನೆರೆಯವರ ಪೊಟ್ಟಣ ತುರುಕಿದ್ದು ನಾವು. ಒಂದೇ ಮಾತಿನ ಉತ್ತರ ನಮ್ಮಲ್ಲಿರಲಿಲ್ಲ. ಕಲ್‌ಕಲ್ ಡಬ್ಬಿ, ರೋಸ್ ಕುಕ್ಕಿ ಡಬ್ಬಿ, ಒಳಉಡುಪು, ಮಡದಿಯ ಮೊಣಕಾಲು ನೋವಿನ ಎಣ್ಣೆ ಎಲ್ಲವೂ ಮೇಜಿನ ಮೇಲೆ ಹರಡಿಕೊಂಡವು. ಒಂದು ಪೊಟ್ಟಣದಲ್ಲಿ ಏನಿದೆಯೆಂದು ಕೇಳಿದಾಗ ನಮಗೆ ತಿಳಿದಿರಲಿಲ್ಲ. ಬಿಚ್ಚಿದರೆ ನೆಲ್ಲಿಕಾಯಿ ಅಡಕೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಯುವಕ ಒರಟಾಗಿಯೇನೂ ನಡೆದುಕೊಳ್ಳಲಿಲ್ಲ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ನಮ್ಮನ್ನು ಹಿಂಡಿದ್ದು ಅವನ ಪ್ರಶ್ನೆಯಲ್ಲ, ನಮ್ಮದೇ ಪೆಟ್ಟಿಗೆಯ ಬಗ್ಗೆ ನಮಗಿದ್ದ ಅಜ್ಞಾನ.

ಮೇಣದಬತ್ತಿ ಯಂತ್ರದ ಕಣ್ಣಿಗೆ ಅಷ್ಟು ಭಯಂಕರವಾಗಿ ಏಕೆ ಕಂಡಿತು? ಸಾಮಾನು ಪರೀಕ್ಷಿಸುವ ಎಕ್ಸ್‌ರೇ ಯಂತ್ರವು ಎರಡು ಬಗೆಯ ಶಕ್ತಿಯ ಕಿರಣಗಳನ್ನು ಹಾಯಿಸಿ, ವಸ್ತುವಿನ ಗುಣಕ್ಕೆ ತಕ್ಕಂತೆ ಬಣ್ಣ ಕೊಡುತ್ತದೆ. ಲೋಹಗಳು ನೀಲಿಯಾಗಿ ಕಾಣುತ್ತವೆ. ಬಟ್ಟೆ, ಕಾಗದ, ಆಹಾರ, ಮೇಣ, ಸಾಬೂನು ಮುಂತಾದವು ಕಿತ್ತಳೆಯಾಗಿ ಕಾಣುತ್ತವೆ. ಇವೆರಡರ ನಡುವಿನವು ಹಸಿರು. ಸ್ಫೋಟಕಗಳೂ ಕಿತ್ತಳೆಯ ಗುಂಪಿಗೇ ಸೇರಿದವು. ಆದುದರಿಂದ ಒಂದು ಕಿಲೋ ಮೈಸೂರುಪಾಕಿನ ಗಟ್ಟಿಯಾಗಲಿ ಮೇಣದಬತ್ತಿಯ ಕಟ್ಟಾಗಲಿ ಅದರ ಪಕ್ಕದಲ್ಲಿ ತಂತಿ, ಬ್ಯಾಟರಿ ಇದ್ದರೆ, ಪರದೆಯ ಮುಂದೆ ಕುಳಿತವನು ಕಣ್ಣು ಮುಚ್ಚಿ ಮುಂದೆ ಕಳುಹಿಸುವಂತಿಲ್ಲ. ಸಿಹಿತಿಂಡಿಯನ್ನು ತೆಳುವಾಗಿ ಹರಡಿ ಇಡುವುದು, ತಂತಿಯ ಸಾಮಾನನ್ನು ಬೇರೆ ಕಡೆ ಇಡುವುದು, ದಪ್ಪ ಲೋಹದ ಶಿಲುಬೆ ಅಥವಾ ಹಿತ್ತಾಳೆ ದೀಪವನ್ನು ಮೇಲಿನ ಪದರದಲ್ಲೇ ಇಡುವುದು, ಇಷ್ಟರಿಂದಲೇ ಎಷ್ಟೋ ಪೆಟ್ಟಿಗೆಗಳು ತೆರೆಯದೆ ಹೋಗುತ್ತವೆ.

ಹಿಂದೆ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಹೊರಟವರಿಗೆ ಈ ಬಗೆಯ ಕರೆ ಬರುತ್ತಿರಲಿಲ್ಲ. ಅಲ್ಲಿ ಪೆಟ್ಟಿಗೆಯನ್ನು ನಾವೇ ಯಂತ್ರಕ್ಕೆ ಹಾಕಿ, ಪ್ಲಾಸ್ಟಿಕ್ ಪಟ್ಟಿ ಬಿಗಿಸಿಕೊಂಡು ಕೌಂಟರಿಗೆ ಹೋಗುತ್ತಿದ್ದೆವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ, 2023ರ ಸೆಪ್ಟೆಂಬರಿನಲ್ಲಿ ಅಂತಾರಾಷ್ಟ್ರೀಯ ವಿಮಾನಗಳೆಲ್ಲ ಅಲ್ಲಿನ ಎರಡನೆಯ ಟರ್ಮಿನಲ್ಲಿಗೆ ಹೋದ ಮೇಲೆ, ಕೌಂಟರಿನಲ್ಲಿ ಒಪ್ಪಿಸಿದ ಪೆಟ್ಟಿಗೆ ನಮ್ಮ ಕಣ್ಣಿಗೆ ಕಾಣದ ಪಟ್ಟಿಗಳ ಮೇಲೆ ಸಾಗಿ ಪರೀಕ್ಷೆಗೊಳಗಾಗುತ್ತದೆ. ಅನುಮಾನ ಬಂದರೆ ಮಾತ್ರ ನಮ್ಮನ್ನು ಹುಡುಕುತ್ತಾರೆ. ಯಡಿಯೂರಿನಿಂದ ಅಲ್ಲಿಗೆ 40 ಕಿಲೋಮೀಟರಿಗೂ ಹೆಚ್ಚು ದಾರಿ. ಬನಶಂಕರಿಯಿಂದ ವಾಯುವಜ್ರ ಬಸ್ಸು ಹಿಡಿದು ಹೆಬ್ಬಾಳದ ದಟ್ಟಣೆ ದಾಟಿ ಕೊನೆಯ ಗಳಿಗೆಯಲ್ಲಿ ತಲುಪಿದವನಿಗೆ ಹೀಗೆ ಕರೆ ಬಂದರೆ ವಿಮಾನ ತಪ್ಪುವುದೇ ಸರಿ.

'ಪೆಟ್ಟಿಗೆ ಕಟ್ಟಿದವರು ಯಾರು' ಎಂಬ ಪ್ರಶ್ನೆ ಯಾರೋ ಅಧಿಕಾರಿ ಕಾಟ ಕೊಡಲು ಹುಟ್ಟಿಸಿದ್ದಲ್ಲ. ಅದರ ಹಿಂದೆ ರಕ್ತದ ಚರಿತ್ರೆಯಿದೆ.

1972ರ ಮೇ 30ರಂದು ಇಸ್ರೇಲಿನ ಲೋದ್ ವಿಮಾನ ನಿಲ್ದಾಣದಲ್ಲಿ, ರೋಮಿನಿಂದ ಬಂದ ವಿಮಾನದಿಂದ ಇಳಿದ ಮೂವರು ಜಪಾನೀಯರು ತಮ್ಮ ಸಾಮಾನಿನಿಂದ ಪಿಟೀಲಿನ ಪೆಟ್ಟಿಗೆಗಳನ್ನು ತೆಗೆದರು. ಒಳಗಿದ್ದದ್ದು ಬಂದೂಕು ಮತ್ತು ಕೈಬಾಂಬು. 26 ಮಂದಿ ಸತ್ತರು. ಅವರಲ್ಲಿ 17 ಮಂದಿ ಪವಿತ್ರ ನಾಡನ್ನು ಕಾಣಲು ಪೋರ್ಟೊ ರಿಕೊದಿಂದ ಬಂದಿದ್ದ ಕ್ರೈಸ್ತ ಯಾತ್ರಿಕರು. ಇಂದು ನಮ್ಮ ಧರ್ಮಕೇಂದ್ರಗಳಿಂದ ಜೆರುಸಲೇಮಿಗೆ ಹೋಗಿ ಬಂದವರು, ಆ ನಿಲ್ದಾಣದಲ್ಲಿ ತಮ್ಮನ್ನು ಗಂಟೆಗಟ್ಟಲೆ ಪ್ರಶ್ನಿಸಿದರು, ಚೀಲದ ತಳ ಬಗೆದರು ಎಂದು ದೂರುವುದುಂಟು. ಅದೇ ನೆಲದ ಮೇಲೆ ತಮ್ಮಂಥ ಯಾತ್ರಿಕರೇ ಬಿದ್ದಿದ್ದರೆಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ನಮ್ಮ ದೇಶದ ಗಾಯ ಇನ್ನೂ ಆಳವಾದದ್ದು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡಿನ ಕಡಲ ಮೇಲೆ ಸಿಡಿದು 329 ಮಂದಿ ಮಡಿದರು. ಬಾಂಬು ಇದ್ದ ಸೂಟ್‌ಕೇಸನ್ನು ಕೆನಡಾದ ವ್ಯಾಂಕೂವರಿನಲ್ಲಿ ಒಪ್ಪಿಸಿದವನು ತಾನು ವಿಮಾನ ಹತ್ತಲೇ ಇಲ್ಲ. ಟೊರಾಂಟೊದಲ್ಲಿ ಸಾಮಾನು ನೋಡುತ್ತಿದ್ದ ಎಕ್ಸ್‌ರೇ ಯಂತ್ರ ನಡುವೆಯೇ ಕೆಟ್ಟು ನಿಂತಿತ್ತು. ಉಳಿದ ಪೆಟ್ಟಿಗೆಗಳನ್ನು ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣದಿಂದ ಮೂಸಿ ನೋಡಿ ಒಳಗೆ ಬಿಟ್ಟರು. ಅದೇ ದಿನ ಜಪಾನಿನ ನರಿತಾ ನಿಲ್ದಾಣದಲ್ಲಿ ಇನ್ನೊಂದು ಪೆಟ್ಟಿಗೆ ಸಿಡಿದು ಸಾಮಾನು ಹೊರುತ್ತಿದ್ದ ಇಬ್ಬರು ಸತ್ತರು. ಅಂದಿನಿಂದ, ಒಡೆಯನಿಲ್ಲದ ಪೆಟ್ಟಿಗೆ ವಿಮಾನದಲ್ಲಿ ಹೋಗಕೂಡದೆಂಬ ನಿಯಮ ಲೋಕದಲ್ಲೆಲ್ಲ ಬಿಗಿಯಾಯಿತು. ವಿಮಾನದ ಬಳಿ ಸಾಲಾಗಿ ಇಟ್ಟಿದ್ದ ಪೆಟ್ಟಿಗೆಗಳಲ್ಲಿ ತಮ್ಮದನ್ನು ಬಿಸಿಲಿನಲ್ಲಿ ನಿಂತು ಬೆರಳು ತೋರಿ ಗುರುತಿಸಿದ ನೆನಪು ನಮ್ಮ ವಯಸ್ಸಿನವರಿಗೆ ಇದ್ದೇ ಇದೆ.

ಮರುವರ್ಷ, 1986ರ ಏಪ್ರಿಲ್ 17ರಂದು, ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಐರ್ಲೆಂಡಿನ ಒಬ್ಬ ಗರ್ಭಿಣಿ ಯುವತಿ ಇಸ್ರೇಲಿಗೆ ಹೋಗುವ ವಿಮಾನ ಹತ್ತಲು ಬಂದಳು. ತನ್ನನ್ನು ಮದುವೆಯಾಗುವೆನೆಂದಿದ್ದವನು ಕೊಟ್ಟ ಚೀಲ ಅವಳ ಕೈಯಲ್ಲಿತ್ತು. ನಿಲ್ದಾಣದ ಪರೀಕ್ಷೆಯನ್ನು ಆ ಚೀಲ ದಾಟಿಯೂ ಆಗಿತ್ತು. ವಿಮಾನ ಸಂಸ್ಥೆಯ ಸಿಬ್ಬಂದಿ ಅವಳನ್ನು ಮತ್ತೊಮ್ಮೆ ಪ್ರಶ್ನಿಸಿ, ಚೀಲ ಬರಿದು ಮಾಡಿ ಎತ್ತಿ ನೋಡಿದಾಗ ಅದು ಇನ್ನೂ ಭಾರವಾಗಿಯೇ ಇತ್ತು. ತಳದಡಿಯಲ್ಲಿ ಇನ್ನೊಂದು ತಳ, ಅದರಲ್ಲಿ ಸುಮಾರು ಒಂದೂವರೆ ಕಿಲೋ ಸ್ಫೋಟಕ. ಹುಟ್ಟಲಿರುವ ತನ್ನ ಕೂಸಿನ ತಂದೆಯೇ ತನ್ನನ್ನು, ಕೂಸನ್ನು, ವಿಮಾನದಲ್ಲಿದ್ದ 375 ಜನರನ್ನು ಕೊಲ್ಲಲು ಹೊರಟಿದ್ದನೆಂದು ಅವಳಿಗೆ ತಿಳಿದಿರಲಿಲ್ಲ. ಅವನಿಗೆ 45 ವರ್ಷಗಳ ಶಿಕ್ಷೆಯಾಯಿತು. 'ನೀವೇ ಕಟ್ಟಿದಿರಾ? ಯಾರಾದರೂ ಏನಾದರೂ ಕೊಟ್ಟರೇ?' ಎಂದು ಇಂದು ನಮ್ಮನ್ನು ಕೇಳುವಾಗ, ಕೇಳುವವರು ನಮ್ಮನ್ನೇ ಕಳ್ಳರೆಂದು ತಿಳಿದಿರುವುದಿಲ್ಲ. ಆ ಯುವತಿಯಂತೆ ನಾವೂ ಏನೂ ಅರಿಯದೆ ಹೊತ್ತಿರಬಹುದೆಂಬ ಶಂಕೆ ಅವರದು.

ಇದೆಲ್ಲ ದೂರದ ಮಾತೆನ್ನುವವರಿಗೆ ನಮ್ಮ ಮಂಗಳೂರನ್ನು ನೆನಪಿಸಬಹುದು. 2020ರ ಜನವರಿ 20ರಂದು ಅಲ್ಲಿನ ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಒಂದು ಚೀಲವನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು ಕಂಡು, ಜನರನ್ನು ದೂರ ಸರಿಸಿದರು. ಒಳಗೆ ಬಾಂಬಿತ್ತು. ಬಯಲಿಗೆ ಒಯ್ದು ಅದನ್ನು ನಾಶಮಾಡಿದರು. ಇಟ್ಟವನು ಎರಡು ದಿನಗಳ ಬಳಿಕ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದನು. 2022ರಲ್ಲಿ ಅವನಿಗೆ 20 ವರ್ಷಗಳ ಸೆರೆವಾಸ ವಿಧಿಸಲಾಯಿತು. ಈ ಪಡೆಯವರು ವಿಮಾನ ನಿಲ್ದಾಣಗಳಿಗೆ ಬಂದದ್ದು 2000ದಲ್ಲಿ, ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನು 1999ರ ಡಿಸೆಂಬರಿನಲ್ಲಿ ಕಂದಾಹಾರಕ್ಕೆ ಅಪಹರಿಸಿ ಒಯ್ದ ಬಳಿಕ. ಅದಕ್ಕೆ ಮುಂಚೆ ಆಯಾ ರಾಜ್ಯದ ಪೊಲೀಸರೇ ನೋಡಿಕೊಳ್ಳುತ್ತಿದ್ದರು.

ಮಗುವಿನ ಆಟದ ಪಿಸ್ತೂಲನ್ನು ಕಿತ್ತುಕೊಂಡರೆಂದು ಸಿಟ್ಟಾಗುವ ತಂದೆಯರಿದ್ದಾರೆ. 1978ರ ಡಿಸೆಂಬರಿನಲ್ಲಿ ಲಖನೌದಿಂದ ದೆಹಲಿಗೆ ಹೊರಟಿದ್ದ ವಿಮಾನವನ್ನು ಇಬ್ಬರು ಯುವಕರು ಅಪಹರಿಸಿದ್ದು ಆಟದ ಪಿಸ್ತೂಲು ಮತ್ತು ಕ್ರಿಕೆಟ್ ಚೆಂಡಿನಿಂದ. ಆ ಇಬ್ಬರೂ ಮುಂದೆ ಉತ್ತರ ಪ್ರದೇಶದ ಶಾಸಕರಾದರೆಂಬುದು ನಮ್ಮ ಪ್ರಜಾಪ್ರಭುತ್ವದ ಇನ್ನೊಂದು ಕಥೆ!

ತಪಾಸಣೆ ಮಾಡುವವರೆಲ್ಲ ಸೌಜನ್ಯಮೂರ್ತಿಗಳೆಂದು ನಾವು ಹೇಳುತ್ತಿಲ್ಲ. 2009ರ ಏಪ್ರಿಲಿನಲ್ಲಿ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಮರನ್ನೇ ದೆಹಲಿಯಲ್ಲಿ ಒಂದು ಅಮೆರಿಕನ್ ವಿಮಾನ ಸಂಸ್ಥೆಯವರು ಮೈತಡವಿ ಪರೀಕ್ಷಿಸಿದರು. ಸಂಸತ್ತಿನಲ್ಲಿ ಗದ್ದಲವೆದ್ದು ಸಂಸ್ಥೆ ಕ್ಷಮೆ ಕೇಳಿತು. ಕಲಾಮರು ಮಾತ್ರ ದೂರದೆ ವಿಮಾನ ಹತ್ತಿ ಹೋಗಿದ್ದರು. ಹೆಂಗಸರನ್ನು ಪರೀಕ್ಷಿಸಬೇಕಾದವರು ಹೆಂಗಸರೇ, ಅದೂ ಮರೆಯಲ್ಲಿ. ಪೆಟ್ಟಿಗೆಯನ್ನು ನಮ್ಮ ಕಣ್ಣ ಮುಂದೆಯೇ ತೆರೆಯಿರಿ ಎಂದು ಮೆಲುದನಿಯಲ್ಲಿ ಕೇಳುವುದರಲ್ಲಿಯೂ ತಪ್ಪಿಲ್ಲ. ಅಮೆರಿಕಕ್ಕೆ ಹೋಗುವವರಿಗೆ ಈ ಕೊನೆಯ ಮಾತು ಅನ್ವಯಿಸದು. ಅಲ್ಲಿ ಪೆಟ್ಟಿಗೆಯನ್ನು ನಾವಿಲ್ಲದಾಗಲೂ ತೆರೆದು ನೋಡಿ ಒಳಗೆ ಒಂದು ಚೀಟಿ ಇಟ್ಟಿರುತ್ತಾರೆ. ಮಗನ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಚೀಟಿ ಕಂಡು ಗಾಬರಿಯಾಗುವುದು ಬೇಡ.

ಅಡಿಗೆಮನೆಯ ಸಾಮಾನಿಗೆ ಬರೋಣ. ತಿಪಟೂರಿನ ಕೊಬ್ಬರಿ ನಮಗೆ ಹೋಳಿಗೆಯ, ಚಟ್ನಿಪುಡಿಯ ವಸ್ತು. ವಿಮಾನದವರ ಪಟ್ಟಿಯಲ್ಲಿ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿನಲ್ಲಿದೆ, ಅದರಲ್ಲಿರುವ ಎಣ್ಣೆಯೇ ಕಾರಣ. ಮೊಬೈಲಿಗೆ ಶಕ್ತಿ ತುಂಬುವ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು, ಪೆಟ್ಟಿಗೆಯಲ್ಲಿ ಕೂಡದು. ಹೊಟ್ಟೆಯೊಳಗೆ ಹೊತ್ತಿಕೊಂಡರೆ ಆರಿಸುವವರಿಲ್ಲ. ಇದಕ್ಕೆ ತಿರುಗುಮುರುಗಾಗಿ ಉಪ್ಪಿನಕಾಯಿ, ತುಪ್ಪ, ಎಣ್ಣೆ ಪೆಟ್ಟಿಗೆಗೇ ಸೇರಬೇಕು. ದ್ರವ ಸ್ಫೋಟಕಗಳಿಂದ ವಿಮಾನಗಳನ್ನು ಸಿಡಿಸುವ ಸಂಚೊಂದು 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಬಯಲಾದ ಮೇಲೆ, ಹೊರದೇಶದ ವಿಮಾನಗಳ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಸೀಸೆಯ ದ್ರವಕ್ಕೆ ತಡೆ ಬಂದಿತು. ತೀರ್ಥಕ್ಕೂ ವಿನಾಯಿತಿಯಿಲ್ಲ. 2007ರ ಆಗಸ್ಟಿನಲ್ಲಿ ವ್ಯಾಟಿಕನ್ನಿನ ಏರ್ಪಾಡಿನಲ್ಲಿ ರೋಮಿನಿಂದ ಲೂರ್ದಿಗೆ ಹೋಗಿದ್ದ ಮೊದಲ ವಿಮಾನದ ಯಾತ್ರಿಕರು, ಮರಳುವಾಗ ಮಾತೆಯ ಆಕಾರದ ಸೀಸೆಗಳಲ್ಲಿ ತುಂಬಿದ್ದ ಲೂರ್ದಿನ ನೀರನ್ನು ಅಲ್ಲಿನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾಯಿತು. ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿಟ್ಟಿದ್ದರೆ ಮನೆ ಸೇರುತ್ತಿತ್ತು.

ಇವುಗಳನ್ನು ತಪ್ಪಾಗಿ ಇಟ್ಟರೆ ನಷ್ಟವಾಗುವುದು ವಸ್ತು ಮಾತ್ರ. ಕೊಲ್ಲಿಯ ದೇಶಗಳಿಗೆ ಹೋಗುವವರ ವಿಷಯ ಹಾಗಲ್ಲ. ನಮ್ಮ ಪಾಯಸದ, ಮಾಂಸದ ಸಾರಿನ ಗಸಗಸೆ ಅಫೀಮಿನ ಗಿಡದ ಬೀಜ. ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಗಳಲ್ಲಿ ಅದು ನಿಷೇಧಿತ ವಸ್ತು. ಕಿರಾಣಿ ಅಂಗಡಿಯಲ್ಲಿ ಕೊಂಡೆನೆಂಬ ಮಾತು ಅಲ್ಲಿ ನಡೆಯುವುದಿಲ್ಲ. ನೋವಿಗೆ ವೈದ್ಯರು ಬರೆದುಕೊಡುವ ಟ್ರಮಡಾಲ್, ಕೆಮ್ಮಿನ ಔಷಧದ ಕೊಡೀನ್ ಇವೂ ಎಮಿರೇಟ್ಸಿನಲ್ಲಿ ಹತೋಟಿಗೊಳಪಟ್ಟ ಮದ್ದುಗಳು. ಮುಂಚಿತವಾಗಿ ಒಪ್ಪಿಗೆ ಪಡೆದು, ವೈದ್ಯರ ಚೀಟಿಯೊಡನೆ ಒಯ್ಯಬೇಕು. ಸೌದಿಗೆ ಹೋಗುವ ನಮ್ಮ ದಾದಿಯರಿಗೆ ಇನ್ನೊಂದು ಮಾತು. ಅಲ್ಲಿ ಅನ್ಯಧರ್ಮೀಯರ ಬಹಿರಂಗ ಆರಾಧನೆಗೆ ಎಡೆಯಿಲ್ಲ. ಇನ್ನೊಬ್ಬರಿಗೆ ಹಂಚಲೆಂದು ಜಪಸರ, ಪ್ರಾರ್ಥನಾ ಪುಸ್ತಕಗಳ ಕಟ್ಟನ್ನು ಅವರ ಪೆಟ್ಟಿಗೆಗೆ ತುರುಕುವುದು ಭಕ್ತಿಯಲ್ಲ, ಅವರನ್ನು ಕಷ್ಟಕ್ಕೆ ಒಡ್ಡುವುದು.

2019ರ ಜುಲೈಯಲ್ಲಿ ಮುಂಬಯಿಯ ನವದಂಪತಿಗಳು ಕತಾರಿಗೆ ಹೋದರು. ಪ್ರವಾಸದ ಖರ್ಚು ಕೊಟ್ಟವಳು ಹತ್ತಿರದ ಬಂಧುವಾದ ಹೆಂಗಸು. ಅಲ್ಲಿನ ಪರಿಚಿತರಿಗೆ ಜರ್ದಾ ತಲುಪಿಸಿರೆಂದು ಒಂದು ಪೊಟ್ಟಣವನ್ನೂ ಕೊಟ್ಟಿದ್ದಳು. ದೋಹಾ ನಿಲ್ದಾಣದಲ್ಲಿ ಅದನ್ನು ತೆರೆದಾಗ ಸಿಕ್ಕಿದ್ದು 4 ಕಿಲೋ ಹಶೀಶ್. ಗಂಡಹೆಂಡಿರಿಬ್ಬರಿಗೂ ಹತ್ತು ಹತ್ತು ವರ್ಷಗಳ ಸೆರೆವಾಸ ವಿಧಿಸಿದರು. ಹೆಂಡತಿ ಬಸುರಿಯಾಗಿದ್ದಳು. ಮಗು ಹುಟ್ಟಿದ್ದು ಸೆರೆಮನೆಯಲ್ಲಿ. ಅವರು ಮೋಸಹೋದವರೆಂಬುದನ್ನು ನಮ್ಮ ದೇಶದ ಮಾದಕವಸ್ತು ನಿಯಂತ್ರಣ ಸಂಸ್ಥೆ ತನಿಖೆಯಿಂದ ತೋರಿಸಿ, ಅಲ್ಲಿನ ನ್ಯಾಯಾಲಯ 2021ರ ಮಾರ್ಚಿನಲ್ಲಿ ಅವರನ್ನು ಬಿಡುಗಡೆ ಮಾಡಿತು. ಆ ಪೊಟ್ಟಣವನ್ನು ಮುಂಬಯಿಯ ಮನೆಯಲ್ಲೇ ಬಿಚ್ಚಿ ನೋಡಿದ್ದರೆ?

ಅಜ್ಜಿಯ ಹೊಲಿದ ಪೊಟ್ಟಣ ಹಿಡಿದು ನಿಂತಿದ್ದಾಗ ನಮ್ಮ ಮನಸ್ಸಿನಲ್ಲಿ ಸುಳಿದದ್ದು ಇದೇ. ಅಜ್ಜಿ ಮೋಸಗಾರರಲ್ಲವೆಂಬುದು ನಮಗೆ ಗೊತ್ತು. ಆದರೆ ದುಬೈಯ ಅಧಿಕಾರಿಗೆ ಅಜ್ಜಿ ಯಾರು?

ಕೊನೆಗೆ ಧೈರ್ಯ ತಂದುಕೊಂಡು, 'ಅಜ್ಜಿ, ಬೇಸರ ಮಾಡಿಕೊಳ್ಳಬೇಡಿ. ಇದನ್ನು ಬಿಚ್ಚಿ ನೋಡಲೇಬೇಕು. ಅಲ್ಲಿ ಕೇಳಿದರೆ ಮಗ ಉತ್ತರ ಹೇಳಬೇಕಲ್ಲ' ಎಂದೆವು.

ಅಜ್ಜಿಯ ಮುಖ ಸಣ್ಣದಾಯಿತು. 'ನನ್ನ ಮೇಲೆ ಅನುಮಾನವೇನಪ್ಪಾ?' ಎಂದರು.

ಮಡದಿ ಅವರನ್ನು ಕೂರಿಸಿ, ಕತ್ತರಿಯನ್ನು ಅವರ ಕೈಗೇ ಕೊಟ್ಟಳು. 'ನೀವೇ ಬಿಚ್ಚಿ ಅಜ್ಜಿ. ನಮ್ಮ ಪೊಟ್ಟಣಗಳನ್ನೂ ಹೀಗೇ ಬಿಚ್ಚಿ ನೋಡಿದ್ದೇವೆ' ಎಂದಳು. ಅಜ್ಜಿ ತಾವು ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದರು. ಒಳಗೆ ಎರಡು ಬಗೆಯ ಚಕ್ಕುಲಿ, ಸಾರಿನ ಪುಡಿ, ಮೊಮ್ಮಗನಿಗೆ ಒಂದು ಬನಿಯನ್ನು. ತಳದಲ್ಲಿ ಕಾಲು ಕಿಲೋದಷ್ಟು ಗಸಗಸೆ!

'ಅವನಿಗೆ ಗಸಗಸೆ ಪಾಯಸವೆಂದರೆ ಪ್ರಾಣ. ಅಲ್ಲಿ ಸಿಗುವುದೇ ಇಲ್ಲವಂತೆ' ಎಂದರು ಅಜ್ಜಿ. ಏಕೆ ಸಿಗುವುದಿಲ್ಲವೆಂದು ನಮ್ಮ ಮಗ ಅವರ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದನು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸಾರಿನ ಪುಡಿಯ ಪೊಟ್ಟಣವನ್ನೂ ಎತ್ತಿಕೊಂಡು, 'ಇದರಲ್ಲೂ ಹುರಿದು ಹಾಕಿದ್ದೇನಪ್ಪಾ' ಎಂದು ಎದ್ದು ನಿಂತರು.

ವಿಮಾನ ಇದ್ದದ್ದು ಮರುದಿನ ರಾತ್ರಿ. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಹೊಸದಾಗಿ ಹುರಿದು ಬೀಸಿಸಿದ ಪುಡಿಯನ್ನು, ಒಳಗಿರುವುದು ಕಾಣುವಂಥ ಚೀಲದಲ್ಲಿ ಹಾಕಿ, ಅದರಲ್ಲಿ ಏನೇನು ಇದೆಯೆಂದು ಮೊಮ್ಮಗಳ ಕೈಯಲ್ಲಿ ಒಂದು ಚೀಟಿ ಬರೆಸಿ ತಂದುಕೊಟ್ಟರು. ನಮ್ಮ ಮಗ ಅದನ್ನು ಪೆಟ್ಟಿಗೆಯ ಮೇಲಿನ ಪದರದಲ್ಲಿ ತಾನೇ ಇಟ್ಟುಕೊಂಡನು. ಗಸಗಸೆ ನಮ್ಮ ಮನೆಯಲ್ಲೇ ಉಳಿಯಿತು. ಆ ಭಾನುವಾರ ಪೂಜೆ ಮುಗಿಸಿ ಬಂದು ಮಡದಿ ಅದರ ಪಾಯಸ ಮಾಡಿದಳು. ಅಜ್ಜಿ ಎರಡು ಲೋಟ ಕುಡಿದು, ಬೆಲ್ಲ ಸ್ವಲ್ಪ ಮುಂದಾಯಿತೆಂದರು.